ಮೃತ್ಯುಪತ್ರವೂ ಮನೆತನದ ಒಕ್ಕಟ್ಟೂ

(ಶ್ರೀಮಠದ ಸುವರ್ಣಮಹೋತ್ಸವದ ಅಂಗವಾಗಿ ನೆರೆದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಹನೀಯರೇ, ಈ ಮಹೋತ್ಸವದ ಸುಸಂಧಿಯಲ್ಲಿ ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳನ್ನು ಕುರಿತು ದೊಡ್ಡ ವಿದ್ವಾಂಸರು ಮಾತನಾಡಿರುವರು. ಅಂಥ ಪಾಂಡಿತ್ಯವು ನನ್ನಲ್ಲಿಲ್ಲ. ನಾನು ಕಚೇರಿಯ ಮೆಟ್ಟಿಲುಗಳನ್ನು ಹತ್ತಿ ಇಳಿದು ಆಯುಷ್ಯವನ್ನು ಕಳೆದ ಒಬ್ಬ ವಕೀಲನು. ಆದರೂ ಶ್ರೀಗಳವರು ನನ್ನನ್ನು ಕರೆದು, "ನಮ್ಮ ಭಕ್ತರ ಮನೆಗಳು ಆಸ್ತಿಯ ಸಲುವಾಗಿ ಒಡೆಯುತ್ತಿವೆ. ತಂದೆಯ ಗದ್ದುಗೆಯ ಮಣ್ಣು ಆರುವ ಮುನ್ನವೇ ಮಕ್ಕಳು ಕೋರ್ಟಿಗೆ ಹೋಗುತ್ತಾರೆ. ಇದಕ್ಕೆ ಏನು ಮಾಡಬೇಕೆಂಬುದನ್ನು ನೀವೇ ಹೇಳಿರಿ" ಎಂದು ಅಪ್ಪಣೆ ಕೊಡಿಸಿದರು. ಗುರುವಿನ ಅಪ್ಪಣೆಯನ್ನು ಶಿರಸಾ ವಹಿಸಿ, ಮೃತ್ಯುಪತ್ರವನ್ನು ಮಾಡುವ ಬಗೆಯನ್ನೂ, ಅದರಿಂದ ಮನೆಯ ಒಕ್ಕಟ್ಟನ್ನು ಕಾಯುವ ಬಗೆಯನ್ನೂ ನನಗೆ ತಿಳಿದಷ್ಟು ಅರಿಕೆ ಮಾಡಿಕೊಳ್ಳುವೆನು.

ಮೃತ್ಯುಪತ್ರವೆಂಬ ಹೆಸರನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರು ಮುಖವನ್ನು ಆಚೆಗೆ ತಿರುಗಿಸುವರು. ಅದನ್ನು ಬರೆಯಿಸಿದರೆ ಸಾವನ್ನು ಕರೆದಂತಾಗುವುದೆಂದು ಅವರ ಅಂಜಿಕೆ. ಮರಣವನ್ನು ಲಿಂಗದಲ್ಲಿ ಬೆರೆಯುವ ಐಕ್ಯವೆಂದು ಕಂಡ ಶರಣರ ಸಂತತಿಯವರಾದ ನಮಗೆ ಈ ಅಂಜಿಕೆಯು ಸಲ್ಲದು. ಇನ್ನು ಕೆಲವರು, "ನನ್ನ ಮಕ್ಕಳು ರಾಮಲಕ್ಷ್ಮಣರಂತಿರುವರು, ಅವರಿಗೆ ಕಾಗದವೇಕೆ?" ಎನ್ನುವರು. ನನ್ನ ಅನುಭವದಲ್ಲಿ ದಾವೆಗೆ ಬಂದ ಅಣ್ಣತಮ್ಮಂದಿರಲ್ಲಿ ಹೆಚ್ಚಿನವರು ತಂದೆಯು ಬದುಕಿರುವ ತನಕ ಒಂದೇ ಗಂಗಾಳದಲ್ಲಿ ಉಂಡವರೇ ಆಗಿದ್ದರು. ತಂದೆಯ ಕಣ್ಣಿನ ಎದುರಿಗೆ ಇದ್ದ ಒಗ್ಗಟ್ಟು ಆ ಕಣ್ಣು ಮುಚ್ಚಿದ ಮೇಲೂ ಇರುವುದೆಂದು ನಂಬಿ ಕುಳಿತುಕೊಳ್ಳುವುದು ಜಾಣತನವಲ್ಲ.

ಶರಣಧರ್ಮವು ಸಂಪತ್ತನ್ನು ಹಳಿಯಲಿಲ್ಲ. ಕಾಯಕದಿಂದ ಗಳಿಸು, ಗಳಿಸಿದುದನ್ನು ದಾಸೋಹಕ್ಕೆ ಸಲ್ಲಿಸು, ಬೇಕಾದುದಕ್ಕಿಂತ ಹೆಚ್ಚಿನದಕ್ಕೆ ಕೈ ಚಾಚಬೇಡವೆಂದು ಅದು ವಿಧಿಸಿತು. ಗಂಡನು ನಿತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ತಿರುಗಿ ಸುರಿದು ಬರಲು ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಇಲ್ಲಿ ಅರಿಯದವರಿಲ್ಲ. ಆ ತಾಯಿಯು ಮನೆಯೊಳಗಿನ ಅಕ್ಕಿಯ ಲೆಕ್ಕವನ್ನು ಧರ್ಮದ ಲೆಕ್ಕವೆಂದೇ ತಿಳಿದಿದ್ದಳು. ಹಾಗಾದರೆ ಒಬ್ಬ ಮನುಷ್ಯನು ಬದುಕಿನುದ್ದಕ್ಕೂ ಬೆವರು ಸುರಿಸಿ ಕೂಡಿಸಿದ ಹೊಲಮನೆಗಳನ್ನು ಯಾರ ಕೈಗೆ, ಯಾವ ನ್ಯಾಯದಿಂದ ಒಪ್ಪಿಸಿ ಹೋಗಬೇಕೆಂಬ ಲೆಕ್ಕವು ಧರ್ಮದ ಲೆಕ್ಕವಲ್ಲವೇ? ಕಾಯಕವು ಶುದ್ಧವಾಗಿದ್ದರೆ ಸಾಲದು, ಅದರ ಫಲವನ್ನು ಒಪ್ಪಿಸುವ ಕ್ರಮವೂ ಶುದ್ಧವಾಗಿರಬೇಕು.

ಈಗ ಕಾಯಿದೆಯ ಮಾತಿಗೆ ಬರುವೆನು. ಮೃತ್ಯುಪತ್ರವನ್ನು ಬರೆಯದೆ ತೀರಿಕೊಂಡವನ ಆಸ್ತಿಯು ಯಾರಿಗೆ ಹೋಗುವುದೆಂಬುದನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ನಿರ್ಣಯಿಸುವುದು. ಈ ಕಾಯಿದೆಯು ಯಾರಿಗೆ ಅನ್ವಯಿಸುವುದೆಂದು ಹೇಳುವ ಎರಡನೆಯ ಕಲಮಿನಲ್ಲಿಯೇ ವೀರಶೈವ, ಲಿಂಗಾಯತ ಎಂಬ ಎರಡು ಶಬ್ದಗಳೂ ಸ್ಪಷ್ಟವಾಗಿ ಬರೆಯಲ್ಪಟ್ಟಿವೆ. ಧರ್ಮದ ವಿಷಯದಲ್ಲಿ ನಮ್ಮಲ್ಲಿ ಏನೇ ಚರ್ಚೆಯಿದ್ದರೂ ಆಸ್ತಿಯ ಹಂಚಿಕೆಯಲ್ಲಿ ನಮಗೆಲ್ಲರಿಗೂ ಅದೇ ಕಾಯಿದೆಯು ಅನ್ವಯಿಸುವುದು. ಒಬ್ಬ ಗೃಹಸ್ಥನು ಸ್ವಂತ ದುಡಿಮೆಯ ಹತ್ತು ಎಕರೆ ಹೊಲವನ್ನು ಬಿಟ್ಟು, ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು ಮತ್ತು ಒಬ್ಬ ಮಗಳನ್ನು ಅಗಲಿದನೆಂದು ಇಟ್ಟುಕೊಳ್ಳೋಣ. ಆಗ ಐದು ಸಮಭಾಗಗಳಾಗಿ ತಲೆಗೆ ಎರಡೆಕರೆ ಬರುವುದು. ಮುದುಕಿಯಾದ ತಾಯಿಗೂ, ಮದುವೆಯಾಗಿ ಹೋದ ಮಗಳಿಗೂ ಮಗನಷ್ಟೇ ಪಾಲುಂಟು. ಇದನ್ನು ಕೇಳಿ ಬೆರಗಾಗುವ ಯಜಮಾನರನ್ನು ನಾನು ಇಂದಿಗೂ ಕಾಣುತ್ತಿರುವೆನು.

ಪಿತ್ರಾರ್ಜಿತ ಆಸ್ತಿಯ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಮೈಸೂರು ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ ಸ್ತ್ರೀಯರ ಹಕ್ಕುಗಳನ್ನು ಕುರಿತ ಕಾಯಿದೆಯೊಂದು ಆಗಿದ್ದಿತು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ, ಆ ದಿನಕ್ಕಿಂತ ಮೊದಲು ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದಲ್ಲಿ ಹುಟ್ಟಿನಿಂದಲೇ ಭಾಗವು ದೊರೆಯಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯಾದವರು ಆಗದವರೆಂಬ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆಯು ಬದುಕಿರಬೇಕೇ ಬೇಡವೇ ಎಂಬ ವಾದವು ಬಹಳ ವರ್ಷ ನಡೆದು, 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದಲೇ ಬಂದುದೆಂದೂ, ತಂದೆಯು ಆ ದಿನ ಬದುಕಿರಬೇಕಾದ ಅವಶ್ಯವಿಲ್ಲವೆಂದೂ ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ರಜಿಸ್ಟರಾಗಿ ಮುಗಿದುಹೋದ ವಾಟ್ಣಿಗಳನ್ನಾದರೋ ಈ ತಿದ್ದುಪಡಿಯು ಕದಲಿಸುವುದಿಲ್ಲ.

ಇದರಿಂದ ಮೃತ್ಯುಪತ್ರ ಬರೆಯಿಸುವವನು ಮೊಟ್ಟಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯು ಹೊರಡುವುದು: ಇದರಲ್ಲಿ ನನ್ನದೆಷ್ಟು? ಅಜ್ಜನಿಂದ ಬಂದು ಒಟ್ಟಿನಲ್ಲಿರುವ ಹೊಲವನ್ನು ಯಜಮಾನನು ತನ್ನದೆಂದೇ ತಿಳಿದು ಪೂರ್ತಿಯಾಗಿ ಒಬ್ಬ ಮಗನಿಗೆ ಬರೆದರೆ ಆ ಬರೆಹವು ನಿಲ್ಲುವುದಿಲ್ಲ. ಅವನು ತನ್ನ ಪಾಲಿನ ಮಟ್ಟಿಗೆ ಮಾತ್ರ ಮೃತ್ಯುಪತ್ರ ಮಾಡಬಹುದು. 1956ಕ್ಕಿಂತ ಹಿಂದೆ ಅವಿಭಕ್ತ ಪಾಲನ್ನು ಮೃತ್ಯುಪತ್ರದಿಂದ ಕೊಡಲಿಕ್ಕೆ ಅಧಿಕಾರವೇ ಇರಲಿಲ್ಲ. ಆ ಕಾಯಿದೆಯ 30ನೆಯ ಕಲಮು ಅದನ್ನು ಕೊಟ್ಟಿತು. ಸ್ವಯಾರ್ಜಿತವಾದುದನ್ನಾದರೋ ತನಗೆ ಬೇಕಾದವರಿಗೆ ಬರೆಯಬಹುದು. ಹೀಗಿರುವುದರಿಂದ ಹಳೆಯ ಖರೀದಿಪತ್ರ, ವಾಟ್ಣಿಪತ್ರ, ಪಹಣಿ ಉತಾರಗಳನ್ನು ಮುಂದಿಟ್ಟುಕೊಂಡು, ಪಿತ್ರಾರ್ಜಿತವೆಷ್ಟು, ಸ್ವಯಾರ್ಜಿತವೆಷ್ಟು ಎಂದು ಎರಡು ಪಟ್ಟಿ ಮಾಡದೆ ಲೇಖನಿಯನ್ನು ಹಿಡಿಯಬಾರದು. ಸರಕಾರದಿಂದ ದರಖಾಸ್ತಿನಲ್ಲಿ ಬಂದ ಭೂಮಿ, ಗೇಣಿಹಕ್ಕಿನಿಂದ ಬಂದ ಭೂಮಿ ಇವುಗಳಿಗೆ ಬೇರೆ ನಿಬಂಧನೆಗಳುಂಟು. ಅವುಗಳನ್ನು ತಿಳಿದವರಲ್ಲಿ ವಿಚಾರಿಸಿಯೇ ಮುಂದುವರಿಯತಕ್ಕದ್ದು.

ಇನ್ನು ಪತ್ರವು ಹೇಗಿರಬೇಕು? 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಇದನ್ನು ಬಹು ಸರಳವಾಗಿ ಹೇಳಿದೆ. ಬರೆಯಿಸುವವನು ಪ್ರಾಯಕ್ಕೆ ಬಂದವನೂ ಸ್ವಸ್ಥಬುದ್ಧಿಯವನೂ ಆಗಿರಬೇಕು. ಅವನು ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಕು. ಕನಿಷ್ಠಪಕ್ಷ ಇಬ್ಬರು ಸಾಕ್ಷಿದಾರರು ಅವನು ಸಹಿ ಮಾಡಿದುದನ್ನು ಕಂಡು, ಅಥವಾ ಇದು ತನ್ನ ಸಹಿಯೆಂದು ಅವನು ಒಪ್ಪಿಕೊಂಡುದನ್ನು ಕೇಳಿ, ಅವನ ಸಮಕ್ಷಮದಲ್ಲಿ ತಾವೂ ಸಹಿ ಮಾಡಬೇಕು. ಛಾಪಾ ಕಾಗದವು ಬೇಕಾಗಿಲ್ಲ. 1908ರ ರಜಿಸ್ಟ್ರೇಷನ್ ಕಾಯಿದೆಯ ಪ್ರಕಾರ ಮೃತ್ಯುಪತ್ರದ ನೋಂದಣಿಯೂ ಕಡ್ಡಾಯವಲ್ಲ. ಆದರೂ ಮಾಡಿಸುವುದು ಲೇಸು. ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಜಿಲ್ಲಾ ರಜಿಸ್ಟ್ರಾರರಲ್ಲಿ ಠೇವಣಿಯಾಗಿ ಇಡುವ ಅನುಕೂಲವೂ ಉಂಟು. ಬದುಕಿರುವ ತನಕ ಇದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು; ಕಡೆಯದೇ ಊರ್ಜಿತವಾಗುವುದು. ಬದಲಿಸುವಾಗ ಹಳೆಯ ಪತ್ರದ ಅಂಚಿನಲ್ಲಿ ಗೀಚಿ ತಿದ್ದದೆ, ಹೊಸದನ್ನೇ ಬರೆಯಿಸಿ, ಹಿಂದಿನದು ರದ್ದೆಂದು ಅದರಲ್ಲಿ ತೋರಿಸತಕ್ಕದ್ದು.

ಪತ್ರವು ಸರಳವಾಗಿದ್ದರೂ ಅದನ್ನು ಕೋರ್ಟಿನಲ್ಲಿ ಸಿದ್ಧಪಡಿಸುವುದು ಸರಳವಲ್ಲ. ಬರೆದವನು ಸಾಕ್ಷಿ ಹೇಳಲು ಬರಲಾರನು. ಈ ಮಾತಿನಲ್ಲಿ ದೇಶಕ್ಕೆಲ್ಲ ದಾರಿ ತೋರಿಸಿದ ತೀರ್ಪು ನಮ್ಮ ಮೈಸೂರು ಸೀಮೆಯಿಂದ ಹೋದ ದಾವೆಯೊಂದರಲ್ಲಿಯೇ ಆಯಿತೆಂಬುದು ಗಮನಾರ್ಹವು. 1958ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಗಜೇಂದ್ರಗಡಕರರು ಬರೆದ ಆ ತೀರ್ಪಿನ ಸಾರಾಂಶವಿಷ್ಟು: ಸಹಿಯು ನಡುಗಿದಂತಿದ್ದರೆ, ಬರೆದವರ ಬುದ್ಧಿಯು ಕುಂದಿದ್ದಿತೆಂದು ತೋರಿದರೆ, ಹಂಚಿಕೆಯು ಅಸಹಜವಾಗಿದ್ದರೆ, ಲಾಭ ಪಡೆದವನೇ ಮುಂದೆ ನಿಂತು ಬರೆಯಿಸಿದ್ದರೆ, ಇವೆಲ್ಲ ಸಂಶಯದ ಸಂಗತಿಗಳು, ಪತ್ರವನ್ನು ಮುಂದಿಡುವವನೇ ಈ ಸಂಶಯಗಳನ್ನು ನಿವಾರಿಸಬೇಕು, ನ್ಯಾಯಾಧೀಶನ ಅಂತಃಸಾಕ್ಷಿಗೆ ಸಮಾಧಾನವಾಗಬೇಕು. ಅರುವತ್ತು ವರ್ಷಗಳ ಮೇಲಾದರೂ ಇಂದಿಗೂ ಪ್ರತಿಯೊಂದು ಕೋರ್ಟಿನಲ್ಲಿ ಈ ಮಾತೇ ನಡೆಯುತ್ತಿರುವುದು.

ಆದುದರಿಂದ ನಾನು ಹೇಳುವ ಎಚ್ಚರಿಕೆಗಳು ಕೆಲವೇ. ಹಾಸಿಗೆ ಹಿಡಿದ ಮೇಲೆ ಬರೆಯಿಸಬೇಡಿರಿ. ಕೈಕಾಲು ಗಟ್ಟಿಯಿರುವಾಗಲೇ ಬರೆಯಿಸಿರಿ. ವಯಸ್ಸಾಗಿದ್ದರೆ ಆ ದಿನವೇ ವೈದ್ಯರಿಂದ ಬುದ್ಧಿಸ್ವಾಸ್ಥ್ಯದ ಪತ್ರವನ್ನು ಪಡೆಯಿರಿ. ಹೊಲ ಪಡೆಯುವ ಮಗನು ವಕೀಲನನ್ನು ಕರೆತರುವುದೂ ಬೇಡ, ಆ ಹೊತ್ತಿನಲ್ಲಿ ಕೋಣೆಯೊಳಗೆ ಇರುವುದೂ ಬೇಡ. ಸಾಕ್ಷಿದಾರರು ನಿಮಗಿಂತ ಕಿರಿಯರೂ, ನೆರೆಹೊರೆಯಲ್ಲಿ ವಿಶ್ವಾಸವುಳ್ಳವರೂ, ಪತ್ರದಿಂದ ಕವಡೆಯಷ್ಟೂ ಪಡೆಯದವರೂ ಆಗಿರಲಿ. ಎಂಬತ್ತರ ಮುದುಕನು ಎಂಬತ್ತರ ಗೆಳೆಯರಿಬ್ಬರಿಂದ ಸಾಕ್ಷಿ ಹಾಕಿಸಿ, ಮೂವರೂ ಲಿಂಗೈಕ್ಯರಾದ ಮೇಲೆ ಪತ್ರವನ್ನು ಯಾರ ಬಾಯಿಂದ ಸಿದ್ಧಪಡಿಸುವುದು? ಹೊಲಗಳ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ, ಬಾವಿಯ ನೀರಿನ ಪಾಳಿ, ಬಂಡಿಯ ದಾರಿ ಇವೆಲ್ಲ ಸ್ಪಷ್ಟವಾಗಿ ಬರೆಯಲ್ಪಡಲಿ. ಹೊಲದ ಸಲುವಾಗಿ ಆಗುವ ಜಗಳಕ್ಕಿಂತ ಬಾವಿಗೆ ಹೋಗುವ ದಾರಿಯ ಸಲುವಾಗಿ ಆಗುವ ಜಗಳವು ಕಡಿಮೆಯದಲ್ಲ. ಪತ್ರದಲ್ಲಿ ಹೇಳದೆ ಉಳಿದ ಆಸ್ತಿಯು ಯಾರಿಗೆಂಬುದನ್ನೂ, ಪಡೆಯಬೇಕಾದವನು ನಿಮಗಿಂತ ಮೊದಲೇ ತೀರಿದರೆ ಅವನ ಪಾಲು ಯಾರಿಗೆಂಬುದನ್ನೂ, ಸಾಲಗಳನ್ನು ಯಾರು ತೀರಿಸಬೇಕೆಂಬುದನ್ನೂ ಮರೆಯಬೇಡಿರಿ.

ಬ್ಯಾಂಕಿನ ಠೇವಣಿಗೆ ನಾಮಿನಿಯೆಂದು ಒಬ್ಬನ ಹೆಸರು ಬರೆಯಿಸಿದರೆ ಹಣವು ಅವನದೇ ಆಯಿತೆಂದು ತಿಳಿಯುವುದು ಇನ್ನೊಂದು ಸಾಮಾನ್ಯ ತಪ್ಪು. ನಾಮಿನಿಯು ವಾರಸುದಾರರ ಪರವಾಗಿ ಹಣವನ್ನು ಕೈಗೆ ತೆಗೆದುಕೊಳ್ಳುವವನು ಮಾತ್ರ. ಕಂಪನಿಯ ಷೇರುಗಳ ವಿಷಯದಲ್ಲಿಯೂ 2023ರಲ್ಲಿ ಸುಪ್ರೀಂ ಕೋರ್ಟು ಹೀಗೆಯೇ ತೀರ್ಮಾನಿಸಿದೆ. ಜೀವವಿಮೆಯಲ್ಲಿ ಮಾತ್ರ, 2015ರ ತಿದ್ದುಪಡಿಯಿಂದೀಚೆಗೆ, ತಂದೆತಾಯಿ, ಹೆಂಡತಿ ಇಲ್ಲವೆ ಗಂಡ, ಮಕ್ಕಳು ನಾಮಿನಿಗಳಾಗಿದ್ದರೆ ಹಣವು ಅವರಿಗೇ ಸಲ್ಲುವುದೆಂದು ಕಾಯಿದೆಯು ಹೇಳುವುದು. ನಾಮಿನಿಯ ಹೆಸರೊಂದು, ಮೃತ್ಯುಪತ್ರದ ಹೆಸರೊಂದು ಆಗದಂತೆ ನೋಡಿಕೊಂಡರೆ ಒಂದು ವ್ಯಾಜ್ಯವು ಹುಟ್ಟುವ ಮೊದಲೇ ಅಳಿಯುವುದು.

ಇಷ್ಟೆಲ್ಲ ಎಚ್ಚರಿಕೆಗಳನ್ನು ಪಾಲಿಸಿಯೂ ಮನೆಯು ಒಡೆಯುವುದುಂಟು. ಇದನ್ನು ನಾನು ಪುಸ್ತಕದಿಂದ ಕಲಿತುಕೊಂಡುದಲ್ಲ, ನನ್ನ ತಪ್ಪಿನಿಂದ ಕಲಿತುಕೊಂಡೆನು. ಗುರುಸನ್ನಿಧಿಯಲ್ಲಿ ಅದನ್ನು ಮರೆಮಾಚದೆ ಹೇಳಿಬಿಡುವೆನು.

2009ರಲ್ಲಿ ಒಬ್ಬ ವೃದ್ಧರು ನನ್ನಲ್ಲಿಗೆ ಬಂದರು. ನೇಮನಿಷ್ಠೆಯ ಲಿಂಗಪೂಜಕರು, ಊರಿಗೆ ಬೇಕಾದವರು. ಸ್ವಂತ ದುಡಿಮೆಯಿಂದ ಕೊಂಡ ಹದಿನಾಲ್ಕು ಎಕರೆ ನೀರಾವರಿಯೂ ಒಂದು ಮನೆಯೂ ಅವರಿಗಿದ್ದವು. ಹಿರಿಯ ಮಗನು ಒಕ್ಕಲುತನದಲ್ಲಿದ್ದನು. ಕಿರಿಯನು ಓದಿ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದನು. ಮಗಳು ಮದುವೆಯಾಗಿ ಹೋಗಿದ್ದಳು. "ಹಿರಿಯನಿಗೆ ಹತ್ತೆಕರೆ ಮತ್ತು ಮನೆ, ಕಿರಿಯನಿಗೆ ನಾಲ್ಕೆಕರೆ, ಮಗಳಿಗೆ ಲಗ್ನದಲ್ಲಿ ಕೊಟ್ಟದ್ದಾಯಿತು, ಹೀಗೆ ಬರೆಯಿರಿ" ಎಂದರು. ನಾನು ಬರೆದೆನು. ಕಾಯಿದೆಯ ದೃಷ್ಟಿಯಿಂದ ಅದರಲ್ಲಿ ಕೂದಲೆಳೆಯಷ್ಟು ದೋಷವಿರಲಿಲ್ಲ. ವೈದ್ಯರ ಪತ್ರವಿದ್ದಿತು, ತಕ್ಕ ಸಾಕ್ಷಿಗಳಿದ್ದರು, ರಜಿಸ್ಟರೂ ಆಯಿತು. ಆದರೆ ಎರಡು ಪ್ರಶ್ನೆಗಳನ್ನು ನಾನು ಅವರಿಗೆ ಕೇಳಲಿಲ್ಲ. ಹೀಗೇಕೆಂದು ಕೇಳಲಿಲ್ಲ, ಮಕ್ಕಳಿಗೆ ಇದು ಗೊತ್ತೇ ಎಂದೂ ಕೇಳಲಿಲ್ಲ. ಅದು ನನ್ನ ಕೆಲಸವಲ್ಲವೆಂದು ತಿಳಿದುಕೊಂಡಿದ್ದೆನು.

2013ರಲ್ಲಿ ಅವರು ಲಿಂಗೈಕ್ಯರಾದರು. ಗಣಾರಾಧನೆಯು ಮುಗಿದ ಮರುದಿನ ಪೆಟ್ಟಿಗೆಯನ್ನು ತೆರೆದರು. ತಿಂಗಳೊಪ್ಪತ್ತಿನಲ್ಲಿ ಕಿರಿಯನು ದಾವೆ ಹೂಡಿದನು: ತಂದೆಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ, ಅಣ್ಣನು ಬಲಾತ್ಕಾರದಿಂದ ಬರೆಯಿಸಿಕೊಂಡನು. ಬರೆದವನೆಂದು ನಾನೂ ಸಾಕ್ಷಿ ಹೇಳಿದೆನು. ಆರು ವರ್ಷಗಳ ಮೇಲೆ ಮೃತ್ಯುಪತ್ರವು ಊರ್ಜಿತವೆಂದು ಫೈಸಲ್ಲಾಯಿತು. ಆ ಆರು ವರ್ಷಗಳ ನಡುವೆ ತಾಯಿಯು ತೀರಿಕೊಂಡಳು. ಒಂದೇ ಓಣಿಯಲ್ಲಿ ಎರಡು ಹಂದರಗಳನ್ನು ಹಾಕಿ ಇಬ್ಬರು ಮಕ್ಕಳೂ ಬೇರೆಬೇರೆಯಾಗಿ ಆಕೆಯ ಗಣಾರಾಧನೆಯನ್ನು ಮಾಡಿದರು. ಜಂಗಮರು ಯಾವ ಹಂದರಕ್ಕೆ ಮೊದಲು ಬಿಜಯಮಾಡಿಸಬೇಕೆಂದು ತಿಳಿಯದೆ ಓಣಿಯಲ್ಲಿ ನಿಂತುದನ್ನು ನಾನು ಕಣ್ಣಾರೆ ಕಂಡೆನು. ಮಗಳನ್ನು ನಾಗರಪಂಚಮಿಗೆ ಇಬ್ಬರಲ್ಲಿ ಒಬ್ಬರೂ ಕರೆಯಲಿಲ್ಲ, ಏಕೆಂದರೆ ಆಕೆಯು ಯಾರ ಪಕ್ಷವೆಂಬುದು ಯಾರಿಗೂ ನಿಶ್ಚಯವಿರಲಿಲ್ಲ.

ಫೈಸಲ್ಲಾದ ದಿನ ಕಿರಿಯ ಮಗನು ಕೋರ್ಟಿನ ಆವರಣದಲ್ಲಿ ನನ್ನನ್ನು ನಿಲ್ಲಿಸಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇಂದಿಗೂ ಇರುವುದು. "ವಕೀಲರೇ, ಹೊಲದ ಸಲುವಾಗಿ ನಾನು ಇಲ್ಲಿಗೆ ಬರಲಿಲ್ಲ. ಅಪ್ಪನು ನನ್ನನ್ನು ಯಾಕೆ ಕಡಿಮೆ ಮಾಡಿದನೆಂದು ಕೇಳಬೇಕಾಗಿತ್ತು. ಕೇಳೋಣವೆಂದರೆ ಅವನೇ ಇಲ್ಲ. ಅದಕ್ಕೆ ಇಲ್ಲಿ ಕೇಳಿದೆ." ಸಾಕ್ಷಿಕಟ್ಟೆಯಲ್ಲಿ ನಿಂತಾಗ ಅವನ ಅಣ್ಣನು ಒಂದು ಸಂಗತಿಯನ್ನು ಹೇಳಿದ್ದನು. ತಮ್ಮನ ಓದಿನ ಕೊನೆಯ ವರ್ಷ ಮಳೆಯಾಗದೆ, ತಾನು ಸಾಕಿದ ಜೋಡೆತ್ತುಗಳನ್ನು ಮಾರಿ ಫೀ ಕಟ್ಟಿದ್ದನಂತೆ. ತಮ್ಮನಿಗೆ ಹೇಳಬೇಡವೆಂದು ತಂದೆಯು ಕಟ್ಟುಮಾಡಿದ್ದನಂತೆ. ತಮ್ಮನು ಅದನ್ನು ಮೊದಲು ಕೇಳಿದುದು ಕೋರ್ಟಿನಲ್ಲಿ. ಈ ಒಂದು ಸಂಗತಿಯನ್ನು ನಾನು ಆ ಮುದುಕರ ಬಾಯಿಂದ ಹೊರಡಿಸಿ, ಎರಡು ಸಾಲಿನಲ್ಲಿ ಪತ್ರದೊಳಗೆ ಬರೆದಿದ್ದರೆ ಆ ದಾವೆಯು ಹುಟ್ಟುತ್ತಲೇ ಇರಲಿಲ್ಲವೆಂದು ನಾನು ನಂಬಿರುವೆನು. ನಾನು ಬರೆದ ಕಾಗದವನ್ನು ಯಾವ ಕೋರ್ಟೂ ಒಡೆಯಲಾರದೆ ಹೋಯಿತು, ಒಡೆದುದು ಮನೆ.

ಅಂದಿನಿಂದ ನನ್ನಲ್ಲಿಗೆ ಬಂದವರಿಗೆಲ್ಲ ಆ ಎರಡು ಪ್ರಶ್ನೆಗಳನ್ನು ಕೇಳದೆ ನಾನು ಒಂದಕ್ಷರವನ್ನೂ ಬರೆದಿಲ್ಲ. ಮೊದಲನೆಯದು, ಹಂಚಿಕೆಯಲ್ಲಿ ಹೆಚ್ಚುಕಡಿಮೆ ಇದ್ದರೆ ಅದರ ಕಾರಣವನ್ನು ಪ್ರೀತಿಯ ಮಾತುಗಳಲ್ಲಿ ಪತ್ರದಲ್ಲಿಯೇ ಬರೆಯಿರಿ. ಒಬ್ಬನ ದೋಷವನ್ನು ಎತ್ತಿ ಆಡಬೇಡಿರಿ. ಇನ್ನೊಬ್ಬನ ಸೇವೆಯನ್ನು ನೆನೆಯಿರಿ. ತಂದೆಯು ಬೈದು ಬರೆದ ಮಾತು ಮೂರು ತಲೆಮಾರು ಓದಲ್ಪಡುವುದು. ಎರಡನೆಯದು, ಬದುಕಿರುವಾಗಲೇ ಮಕ್ಕಳನ್ನೂ ಸೊಸೆಯಂದಿರನ್ನೂ ಕೂಡಿಸಿ ನಿಮ್ಮ ಮನಸ್ಸನ್ನು ತಿಳಿಸಿರಿ.

ಇದಕ್ಕೆ ಒಬ್ಬ ತಾಯಿಯ ದೃಷ್ಟಾಂತವನ್ನು ಹೇಳುವೆನು. ಗಂಡನಿಂದ ಬಂದ ಮನೆ, ಹೊಲ ಮತ್ತು ಸ್ವಲ್ಪ ಬಂಗಾರ ಆಕೆಯವಾಗಿದ್ದವು. 2018ರ ಪಂಚಮಿಯಲ್ಲಿ ಮೂವರು ಮಕ್ಕಳನ್ನೂ ಕರೆಯಿಸಿ, ಲಿಂಗಪೂಜೆಯು ತೀರಿದ ಮೇಲೆ ಯಾರಿಗೆ ಏನೆಂಬುದನ್ನು ಬಾಯಿಬಿಟ್ಟು ಹೇಳಿದಳು. ಹಿರಿಯ ಮಗನು ಸಿಟ್ಟಾಗಿ ಊಟ ಬಿಟ್ಟು ಎದ್ದನು. ಎರಡು ದಿನ ಮನೆಯಲ್ಲಿ ವಾದವಾಯಿತು. ತಾಯಿಯು ಎಲ್ಲವನ್ನೂ ಕೇಳಿ, ಒಂದು ಮಾತಿನಲ್ಲಿ ಅವನದೇ ನ್ಯಾಯವೆಂದು ಕಂಡು ಅದನ್ನು ತಿದ್ದಿಕೊಂಡಳು; ಉಳಿದುದಕ್ಕೆ ಕದಲಲಿಲ್ಲ. ಮುಂದಿನ ವಾರ ನನ್ನಲ್ಲಿಗೆ ಒಬ್ಬಳೇ ಬಂದು ಬರೆಯಿಸಿದಳು. 2022ರಲ್ಲಿ ಆಕೆಯು ಲಿಂಗೈಕ್ಯಳಾದಾಗ ಪತ್ರವನ್ನು ಓದಿದರೆ ಅದರಲ್ಲಿ ಯಾರಿಗೂ ಹೊಸತೇನೂ ಇರಲಿಲ್ಲ. ಆಗಬೇಕಾದ ಜಗಳವು ನಾಲ್ಕು ವರ್ಷಗಳ ಹಿಂದೆಯೇ, ಬಗೆಹರಿಸಬಲ್ಲವಳ ಎದುರಿನಲ್ಲಿ ಆಗಿ ಮುಗಿದಿದ್ದಿತು. ಜಗಳಕ್ಕೆ ಅಂಜಿ ಬಾಯಿ ಮುಚ್ಚಿಕೊಳ್ಳುವ ಹಿರಿಯರು ಆ ಜಗಳವನ್ನು ತಪ್ಪಿಸುವುದಿಲ್ಲ. ತಾವಿಲ್ಲದ ಕಾಲಕ್ಕೆ ಕೂಡಿಟ್ಟು ಹೋಗುವರು.

ಹೆಣ್ಣುಮಕ್ಕಳ ವಿಷಯದಲ್ಲಿ ಎರಡು ಮಾತುಗಳನ್ನು ಬೇರೆಯಾಗಿ ಹೇಳಲೇಬೇಕು. ತವರಿಗೆ ಬಂದ ಮಗಳ ಮುಂದೆ ಕಾಗದವನ್ನಿಟ್ಟು, ಓದಲಿಕ್ಕೂ ಬಿಡದೆ, "ಸಹಿ ಮಾಡವ್ವಾ" ಎನ್ನುವ ರೂಢಿಯು ನಮ್ಮಲ್ಲಿ ಬಹಳವಾಗಿದೆ. ಆಕೆಯು ಹೊಲವನ್ನು ಬಿಡಲಿಕ್ಕೆ ಒಪ್ಪಿ ಸಹಿ ಮಾಡುವಳೋ, ತವರು ತಪ್ಪೀತೆಂದು ಅಂಜಿ ಸಹಿ ಮಾಡುವಳೋ ಎಂಬುದನ್ನು ಅಣ್ಣತಮ್ಮಂದಿರು ತಮ್ಮ ಇಷ್ಟಲಿಂಗವನ್ನು ಮುಟ್ಟಿ ಕೇಳಿಕೊಳ್ಳಲಿ. ಹೆಣ್ಣಿಗೂ ಗಂಡಿಗೂ ಒಂದೇ ಲಿಂಗದೀಕ್ಷೆಯನ್ನು ಕೊಡುವ ಧರ್ಮವು ನಮ್ಮದು. ಕೊರಳಲ್ಲಿ ಸಮನಾದ ಲಿಂಗವನ್ನು ಕಟ್ಟಿ, ಕೈಯಲ್ಲಿ ಸಮನಲ್ಲದ ಪಾಲನ್ನು ಕೊಡುವಾಗ ಕಾರಣವನ್ನಾದರೂ ಹೇಳಬೇಡವೇ? ಮಗಳು ಮನಃಪೂರ್ವಕವಾಗಿ ಬಿಟ್ಟುಕೊಡುವುದಾದರೆ ರಜಿಸ್ಟರಾದ ಹಕ್ಕುಬಿಡುಗಡೆಯ ಪತ್ರವನ್ನು ಆಕೆಗೆ ಓದಿ ಹೇಳಿ ಮಾಡಿಸಿಕೊಳ್ಳತಕ್ಕದ್ದು.

ಹಾಗೆಯೇ ಹೆಂಡತಿಯನ್ನು ಮರೆಯಬೇಡಿರಿ. ಎಲ್ಲವನ್ನೂ ಮಕ್ಕಳಿಗೆ ಬರೆದು, "ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳತಕ್ಕದ್ದು" ಎಂದು ಒಂದು ಸಾಲು ಸೇರಿಸಿದರೆ ಆ ಸಾಲಿನಿಂದ ಮುದುಕಿಯ ಹೊಟ್ಟೆ ತುಂಬಲಾರದು. ಇರಲಿಕ್ಕೆ ಇಂಥ ಕೋಣೆ, ಉಣ್ಣಲಿಕ್ಕೆ ಇಂಥ ಹೊಲದ ಉತ್ಪನ್ನವೆಂದು ಖಚಿತವಾಗಿ ಬರೆಯಿರಿ; ಆಕೆಗೆ ಪೂರ್ಣ ಒಡೆತನವೋ, ಜೀವಮಾನದ ಅನುಭವವೋ ಎಂಬುದನ್ನು ಸಂದಿಗ್ಧವಾಗಿ ಬಿಡಬೇಡಿರಿ. ಈ ಒಂದು ಸಂದಿಗ್ಧತೆಯಿಂದ ಹುಟ್ಟಿದ ದಾವೆಗಳಿಗೆ ಲೆಕ್ಕವಿಲ್ಲ. ಬದುಕಿರುವಾಗಲೇ ಎಲ್ಲವನ್ನೂ ದಾನಪತ್ರದಿಂದ ಮಕ್ಕಳ ಕೈಗೆ ಕೊಟ್ಟು ಬರಿಗೈಯಲ್ಲಿ ಕೂಡುವುದೂ ಬೇಡ. ನೋಡಿಕೊಳ್ಳಬೇಕೆಂಬ ಕರಾರಿನ ಮೇಲೆ ಕೊಟ್ಟು, ಅವರು ನೋಡಿಕೊಳ್ಳದಿದ್ದರೆ, ಆ ದಾನವನ್ನು ರದ್ದುಮಾಡಿಸಲು 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮು ದಾರಿ ಕೊಡುವುದು ನಿಜ. ಆದರೆ ಕರಾರು ಪತ್ರದಲ್ಲಿರಬೇಕು. ಮೃತ್ಯುಪತ್ರದ ಗುಣವೇ ಇದು: ಕೊನೆಯ ಉಸಿರಿನ ತನಕ ಒಡೆತನವು ನಿಮ್ಮಲ್ಲಿಯೇ ಇರುವುದು.

ಕಡೆಗೆ ಮಠದ ಸಭೆಯಲ್ಲಿ ಮಠದ ಮಾತನ್ನು ಆಡದೆ ಹೋದರೆ ನಾನು ಹೇಡಿಯಾದೇನು. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1904ರಲ್ಲಿ ಧಾರವಾಡದಲ್ಲಿ ನೆರೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರು. ತಮ್ಮ ಸಂಸ್ಥಾನದ ಸಂಪತ್ತನ್ನು ಮೃತ್ಯುಪತ್ರದ ಮೂಲಕ ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆ ಮುಡುಪು ಮಾಡಿ 1906ರಲ್ಲಿ ಲಿಂಗೈಕ್ಯರಾದರು. ಅಂಥ ದಾಸೋಹದಿಂದ ಸಾವಿರಾರು ಬಡಮಕ್ಕಳು ಅಕ್ಷರವನ್ನು ಕಂಡರು. ಆದರೆ ಮಕ್ಕಳ ಮೇಲಿನ ಸಿಟ್ಟಿನಿಂದ, ಅವರಿಗೆ ಸಿಕ್ಕಬಾರದೆಂಬ ಹಟದಿಂದ ಮಠಕ್ಕೆ ಬರೆಯುವುದು ದಾಸೋಹವಲ್ಲ. ಅಂಥ ಹೊಲದ ಜೋಳವನ್ನು ಉಂಡ ಜಂಗಮನ ಹೊಟ್ಟೆಯಲ್ಲಿ ಆ ಮಕ್ಕಳ ನಿಟ್ಟುಸಿರೂ ಇರುವುದು. ಮೊದಲು ಹೆಂಡತಿಮಕ್ಕಳ ಅನ್ನವನ್ನು ಭದ್ರಮಾಡಿ, ಅವರಿಗೆ ತಿಳಿಸಿ, ಅವರ ಸಂತೋಷದಿಂದ ಉಳಿದುದನ್ನು ಸಲ್ಲಿಸಿರಿ. ಹಾಗೆ ಸಲ್ಲಿಸುವಾಗ ಮಠದ ಕಾರ್ಯಕರ್ತರು ಸಾಕ್ಷಿಯಾಗುವುದು ಬೇಡ, ಪತ್ರವನ್ನು ಬರೆಯಿಸುವುದೂ ಬೇಡ. ಈ ಮಾತನ್ನು ಆಡಲು ಶ್ರೀಗಳವರಲ್ಲಿ ನಾನು ಮುಂಚಿತವಾಗಿ ಅಪ್ಪಣೆ ಬೇಡಿದಾಗ ಅವರು ನಕ್ಕು, "ಅದನ್ನೇ ಗಟ್ಟಿಯಾಗಿ ಹೇಳಿರಿ" ಎಂದರು.

ಶರಣಬಂಧುಗಳೇ, ನನ್ನ ಬಿನ್ನಹವು ಇಷ್ಟೇ. ಇಲ್ಲಿಂದ ಮನೆಗೆ ಹೋದ ಮೇಲೆ, ಅರುವತ್ತು ದಾಟಿದ ಪ್ರತಿಯೊಬ್ಬರೂ ತಮ್ಮ ಪೆಟ್ಟಿಗೆಯಲ್ಲಿಯ ಹಳೆಯ ಕಾಗದಗಳನ್ನು ಹೊರಗೆ ತೆಗೆಯಿರಿ. ಒಂದು ಹಾಳೆಯ ಮೇಲೆ, ನನ್ನದು ಯಾವುದು, ಮನೆತನದ್ದು ಯಾವುದು, ಸಾಲವೆಷ್ಟು ಎಂದು ಬರೆಯಿರಿ. ಬರುವ ಹಬ್ಬಕ್ಕೆ ಮಕ್ಕಳೆಲ್ಲರನ್ನೂ ಕರೆಯಿರಿ. ದೂರದ ಊರಿನಲ್ಲಿರುವ ಮಗನನ್ನು, ಮುನಿಸಿಕೊಂಡು ಹೋದ ಮಗಳನ್ನು ಮೊದಲು ಕರೆಯಿರಿ. ವಕೀಲನಲ್ಲಿಗೆ ಹೋಗುವುದು ಅದರ ತರುವಾಯದ ಕೆಲಸ; ಅದು ಅರ್ಧ ದಿವಸದ್ದು. ನಿಮ್ಮ ಗಣಾರಾಧನೆಯ ದಿನ ನಿಮ್ಮ ಓಣಿಯಲ್ಲಿ ಒಂದೇ ಹಂದರವಿರಲಿ, ಒಂದೇ ಪಂಕ್ತಿಯಲ್ಲಿ ನಿಮ್ಮ ಮಕ್ಕಳೆಲ್ಲ ಕೂಡಿ ಪ್ರಸಾದವನ್ನು ಸ್ವೀಕರಿಸಲಿ ಎಂದು ಶ್ರೀಗುರುವಿನಲ್ಲಿ ಪ್ರಾರ್ಥಿಸಿ, ನನ್ನ ಈ ಅಲ್ಪ ಸೇವೆಯನ್ನು ಮುಗಿಸುವೆನು.